ನೈಲ್ ಹಡಗಿನಲ್ಲಿ ಈಜಿಪ್ಟಿನ ಗುಡಿಗಳು: ಅಸ್ವಾನಿನಿಂದ ಲಕ್ಸರ್‌ವರೆಗೆ ನೋಡುವ ಬಗೆ

ನೈಲ್ ನದಿಯ ಹಡಗು ಪ್ರವಾಸಕ್ಕೆ ಹೋಗುವವರಲ್ಲಿ ತುಂಬ ಜನ ಲಕ್ಸರ್‌ನಲ್ಲಿ ಹತ್ತಿ ಅಸ್ವಾನಿನಲ್ಲಿ ಇಳಿಯುತ್ತಾರೆ. ನನ್ನ ಸಲಹೆ ಇದಕ್ಕೆ ಉಲ್ಟಾ. ಅಸ್ವಾನಿನಲ್ಲಿ ಹತ್ತಿ, ಲಕ್ಸರ್‌ನಲ್ಲಿ ಇಳಿಯಿರಿ.

ಯಾಕೆ ಅಂದರೆ, ಲಕ್ಸರ್‌ನ ಕಾರ್ನಾಕ್ ಗುಡಿ ವಿಪರೀತ ದೊಡ್ಡದು. ಒಬ್ಬ ರಾಜ ಕಟ್ಟಿದ್ದಲ್ಲ. ಸಾವಿರಾರು ವರ್ಷ ಒಬ್ಬರಾದ ಮೇಲೆ ಒಬ್ಬರು ಕಟ್ಟುತ್ತ, ಕೆಡವುತ್ತ, ಸೇರಿಸುತ್ತ ಬಂದಿದ್ದಾರೆ. ಅರ್ಧಕ್ಕರ್ಧ ಬಿದ್ದುಹೋಗಿದೆ. ಮೊದಲ ದಿನವೇ ಅಲ್ಲಿಗೆ ಹೋದರೆ ಕಣ್ಣು ತುಂಬುತ್ತದೆ, ತಲೆಗೆ ಏನೂ ಹತ್ತುವುದಿಲ್ಲ. ದಾರಿಯಲ್ಲಿ ಸಿಗುವ ಎಡ್ಫು ಊರಿನ ಗುಡಿ ಹಾಗಲ್ಲ. ಬಾಗಿಲು, ಗೋಡೆ, ಚಾವಣಿ, ಗರ್ಭಗುಡಿ ಎಲ್ಲ ಇದ್ದ ಜಾಗದಲ್ಲೇ ಇವೆ. ಅದನ್ನು ನೋಡಿ ಕಲಿತು, ಆಮೇಲೆ ಕಾರ್ನಾಕ್‌ಗೆ ಹೋದರೆ ಬಿದ್ದ ಕಲ್ಲುಗಳ ನಡುವೆಯೂ ಗುಡಿ ಕಾಣಿಸುತ್ತದೆ. ಅಸ್ವಾನ್ ಕಡೆಯಿಂದ ಬಂದರೆ ಕಾಲದಲ್ಲೂ ಹಿಂದಕ್ಕೆ ಹೋಗುತ್ತೀರಿ. ಫಿಲೆ, ಕೋಮ್ ಒಂಬೊ, ಎಡ್ಫು ಮೂರೂ ಗ್ರೀಕ್ ಮೂಲದ ಟಾಲೆಮಿ ರಾಜರು ಮತ್ತು ರೋಮನ್ನರ ಕಾಲದವು. ಲಕ್ಸರ್‌ನಲ್ಲಿ ನೋಡುವ ಹೆಚ್ಚಿನ ಗುಡಿಗಳು ಅವಕ್ಕಿಂತ ಸಾವಿರ ವರ್ಷಕ್ಕೂ ಹಳೆಯವು.

ಬುಕ್ ಮಾಡುವ ಮುಂಚೆ

ಅಕ್ಟೋಬರ್‌ನಿಂದ ಏಪ್ರಿಲ್ ಮೊದಲ ಭಾಗದವರೆಗೆ ಹೋಗಬಹುದು. ಬೇಸಿಗೆಯಲ್ಲಿ ಅಸ್ವಾನಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಗುಡಿಯ ಅಂಗಳದಲ್ಲಿ ಕಲ್ಲಿನ ಕಾವೂ ಸೇರಿಕೊಳ್ಳುತ್ತದೆ. ಮಕ್ಕಳು, ವಯಸ್ಸಾದವರು ಇದ್ದರೆ ಬೇಸಿಗೆ ಬೇಡವೇ ಬೇಡ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ವಾರಗಳಲ್ಲಿ ರೇಟೂ ಜಾಸ್ತಿ, ಜನವೂ ಜಾಸ್ತಿ. ನವೆಂಬರ್ ಅಥವಾ ಫೆಬ್ರವರಿ ಒಳ್ಳೆಯದು.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಕು. ನಿಯಮ ಆಗಾಗ ಬದಲಾಗುತ್ತದೆ, ಆದ್ದರಿಂದ ಹಡಗಿಗೆ ದುಡ್ಡು ಕಟ್ಟುವ ಮುಂಚೆಯೇ ಈಜಿಪ್ಟ್ ರಾಯಭಾರ ಕಚೇರಿಯ ಸೂಚನೆ ನೋಡಿಕೊಳ್ಳಿ. ಮುಂಬೈಯಿಂದ ಕೈರೋಗೆ ನೇರ ವಿಮಾನ ಇದೆ. ಬೆಂಗಳೂರಿನಿಂದ ಹೋಗುವವರು ಸಾಮಾನ್ಯವಾಗಿ ದುಬೈ, ಅಬುಧಾಬಿ ಅಥವಾ ದೋಹಾ ಮೂಲಕ ಹೋಗುತ್ತಾರೆ. ಕೈರೋದಿಂದ ಅಸ್ವಾನ್‌ಗೆ ವಿಮಾನವೂ ಇದೆ, ರಾತ್ರಿ ಮಲಗಿಕೊಂಡು ಹೋಗುವ ರೈಲೂ ಇದೆ. ಹಡಗು ಹೊರಡುವ ದಿನವೇ ಅಸ್ವಾನ್ ತಲುಪುವ ಲೆಕ್ಕ ಹಾಕಬೇಡಿ. ಹಿಂದಿನ ದಿನವೇ ಅಲ್ಲಿರಿ.

ಅಸ್ವಾನಿನಿಂದ ಲಕ್ಸರ್‌ಗೆ ಬರುವ ಹಡಗುಗಳು ಸಾಮಾನ್ಯವಾಗಿ 3 ರಾತ್ರಿಯವು. ಲಕ್ಸರ್‌ನಿಂದ ಹೊರಡುವವು 4 ರಾತ್ರಿಯವು. ಕಡಿಮೆಯಾಯ್ತಲ್ಲ ಅಂತ ಬೇಜಾರು ಬೇಡ. ಉಳಿದ ದಿನವನ್ನು ಲಕ್ಸರ್‌ನ ಹೋಟೆಲಿನಲ್ಲಿ ಕಳೆಯಿರಿ. ಅಲ್ಲಿ ನಿಮ್ಮ ಸಮಯ ನಿಮ್ಮ ಕೈಯಲ್ಲೇ ಇರುತ್ತದೆ. ಹಡಗಿನ ಗಡಿಬಿಡಿಯಲ್ಲಿ ಕಾರ್ನಾಕ್ ನೋಡುವುದಕ್ಕಿಂತ ಇದು ಎಷ್ಟೋ ವಾಸಿ.

ದೊಡ್ಡ ಹಡಗಿನಲ್ಲಿ ರೂಮು ಆರಿಸುವಾಗ ಎರಡು ವಿಷಯ ಕೇಳಿ. ಒಂದು, ಮೇಲಿನ ಮಹಡಿ ಸಿಗುತ್ತದಾ ಅಂತ. ಇನ್ನೊಂದು, ರೂಮು ಇಂಜಿನ್ನಿನಿಂದ ಎಷ್ಟು ದೂರ ಅಂತ. ಕೆಳಮಹಡಿಯ ಹಿಂದಿನ ರೂಮುಗಳಲ್ಲಿ ರಾತ್ರಿಯಿಡೀ ಗುರ್ ಅನ್ನುವ ಸದ್ದು ಇರುತ್ತದೆ. ದಡದಲ್ಲಿ ಹಡಗುಗಳನ್ನು ಒಂದರ ಪಕ್ಕ ಒಂದು ಅಂಟಿಸಿ ನಿಲ್ಲಿಸುತ್ತಾರೆ. ದಡಕ್ಕೆ ಇಳಿಯಬೇಕಾದರೆ ಬೇರೆ ಹಡಗುಗಳ ಲಾಬಿ ದಾಟಿಕೊಂಡು ಹೋಗಬೇಕು. ಆಗ ಕಿಟಕಿ ತೆರೆದರೆ ನದಿ ಕಾಣುವುದಿಲ್ಲ, ಪಕ್ಕದ ಹಡಗಿನ ರೂಮು ಕಾಣುತ್ತದೆ. ಹಾಗಾಗಿ ಪರದೆ ಎಳೆದುಕೊಳ್ಳಿ. ವಾಪಸ್ ಬರುವಾಗ ಗೊಂದಲ ಆಗದಿರಲು ನಿಮ್ಮ ಹಡಗಿನ ಹೆಸರಿನ ಫೋಟೋ ತೆಗೆದಿಟ್ಟುಕೊಳ್ಳಿ.

ಖರ್ಚಿಗೆ ತೊಂದರೆ ಇಲ್ಲ, ಗದ್ದಲ ಬೇಡ ಅನ್ನುವವರಿಗೆ ದಹಬೀಯಾ ಇದೆ. ಹಾಯಿ ಕಟ್ಟಿದ ಚಿಕ್ಕ ಹಡಗು. ದೊಡ್ಡ ಹಡಗುಗಳು ನಿಲ್ಲದ ಗೆಬೆಲ್ ಸಿಲ್ಸಿಲಾ, ಎಲ್ ಕಾಬ್‌ನಂಥ ಜಾಗಗಳಲ್ಲೂ ನಿಲ್ಲುತ್ತದೆ. ಸಮಯ ಮಾತ್ರ ಜಾಸ್ತಿ ಬೇಕು.

ಗುಡಿಯ ನಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ

ನಮ್ಮ ಕಡೆಯ ಗುಡಿ ನೋಡಿ ಬೆಳೆದವರಿಗೆ ಇದು ಸುಲಭ. ಗೋಪುರದ ಬಾಗಿಲು, ಪ್ರಾಕಾರ, ಕಂಬದ ಮಂಟಪ, ಒಳಗೆ ಹೋದಂತೆ ಕತ್ತಲೆ, ಕೊನೆಯಲ್ಲಿ ಗರ್ಭಗುಡಿ. ಈಜಿಪ್ಟಿನ ಗುಡಿಯಲ್ಲೂ ಈ ಕ್ರಮವೇ ಇದೆ. ಎದುರಿಗೆ ಎರಡು ಇಳಿಜಾರು ಗೋಡೆಗಳ ದೊಡ್ಡ ದ್ವಾರ, ಅದಕ್ಕೆ ಪೈಲಾನ್ ಅನ್ನುತ್ತಾರೆ. ಅದರಾಚೆ ಬಯಲು ಅಂಗಳ, ಆಮೇಲೆ ಕಂಬಗಳ ಮಂಟಪ, ಕೊನೆಗೆ ಗರ್ಭಗುಡಿ. ಉತ್ಸವಮೂರ್ತಿಯನ್ನು ದೋಣಿಯ ಆಕಾರದ ಪಲ್ಲಕ್ಕಿಯಲ್ಲಿಟ್ಟು ಪೂಜಾರಿಗಳು ಹೆಗಲ ಮೇಲೆ ಹೊತ್ತು ಹೊರಗೆ ತರುತ್ತಿದ್ದರು. ಆದರೆ ಸಾಮಾನ್ಯ ಜನರಿಗೆ ಒಳಗಿನ ಮಂಟಪಗಳಿಗೆ ಪ್ರವೇಶ ಇರಲಿಲ್ಲ. ಇನ್ನು ಈಗ ಚಪ್ಪಲಿ ಬಿಡಬೇಕಾಗಿಲ್ಲ. ನೆಲ ಏರುಪೇರು, ಮರಳು ಜಾಸ್ತಿ, ಒಳ್ಳೆಯ ಶೂ ಹಾಕಿಕೊಳ್ಳಿ.

ಒಳಗೆ ನಡೆಯುವಾಗ ಗಮನಿಸಿ: ಹೆಜ್ಜೆ ಹೆಜ್ಜೆಗೂ ನೆಲ ಸ್ವಲ್ಪ ಮೇಲೇರುತ್ತದೆ, ಚಾವಣಿ ಕೆಳಗಿಳಿಯುತ್ತದೆ, ಬೆಳಕು ಕಡಿಮೆಯಾಗುತ್ತದೆ. ಇದೆಲ್ಲ ಬೇಕಂತಲೇ ಮಾಡಿದ್ದು.

ಗೋಡೆಯ ಕೆತ್ತನೆ ಓದುವುದಕ್ಕೆ ನಾಲ್ಕೈದು ಗುರುತು ಸಾಕು. ಮೊಟ್ಟೆಯಂಥ ಉದ್ದನೆಯ ಗೆರೆಯೊಳಗೆ ಬರೆದದ್ದು ರಾಜನ ಹೆಸರು. ಎತ್ತರದ ಬಿಳಿ ಕಿರೀಟ ದಕ್ಷಿಣದ್ದು, ಕೆಂಪು ಕಿರೀಟ ಉತ್ತರದ್ದು, ಎರಡೂ ಸೇರಿದ್ದು ಇಡೀ ದೇಶದ್ದು. ದೇವರುಗಳಲ್ಲಿ ಗಿಡುಗದ ತಲೆ ಹೋರಸ್, ಮೊಸಳೆ ಸೋಬೆಕ್, ಟಗರು ಖ್ನುಮ್. ತಲೆಯ ಮೇಲೆ ಎರಡು ಉದ್ದ ಗರಿ ಇದ್ದರೆ ಅಮುನ್, ಸಿಂಹಾಸನ ಇದ್ದರೆ ಐಸಿಸ್, ಹಸುವಿನ ಕಿವಿ ಇದ್ದರೆ ಹಾಥೋರ್. ಇಷ್ಟು ಗೊತ್ತಿದ್ದರೆ ಗೈಡ್ ಬಾಯಿ ತೆರೆಯುವ ಮುಂಚೆಯೇ ಅರ್ಧ ಗೋಡೆ ನಿಮಗೆ ಅರ್ಥವಾಗಿರುತ್ತದೆ.

ಕೆತ್ತನೆಯಲ್ಲಿ ಎರಡು ಬಗೆ. ಹೊರಗಿನ ಗೋಡೆಯ ಮೇಲೆ ಸಾಮಾನ್ಯವಾಗಿ ಚಿತ್ರವನ್ನು ಕಲ್ಲಿನೊಳಕ್ಕೆ ಕೊರೆದಿರುತ್ತಾರೆ. ಬಿಸಿಲು ಬಿದ್ದಾಗ ಅಂಚಿನಲ್ಲಿ ನೆರಳು ನಿಂತು ಚಿತ್ರ ಎದ್ದು ಕಾಣುತ್ತದೆ. ಒಳಗಿನ ಮಂದ ಬೆಳಕಿಗೆ ಸುತ್ತಲಿನ ಕಲ್ಲನ್ನು ತೆಗೆದು ಚಿತ್ರವನ್ನು ಉಬ್ಬಿಸಿರುತ್ತಾರೆ. ಹಾಗಾಗಿ ಹೊರಗಿನ ಗೋಡೆಗಳನ್ನು ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ನೋಡಿ. ನಡು ಮಧ್ಯಾಹ್ನ ಎಲ್ಲ ಚಪ್ಪಟೆಯಾಗಿ ಕಾಣುತ್ತದೆ.

ಅಸ್ವಾನ್: ಗಣಿ ಮೊದಲು, ಫಿಲೆ ಆಮೇಲೆ

ಅಸ್ವಾನಿನಲ್ಲಿ ಅಪೂರ್ಣ ಸ್ತಂಭ ಅನ್ನುವ ಹಳೆಯ ಕಲ್ಲುಗಣಿ ಇದೆ. ಸ್ತಂಭ ಅಂದರೆ ಇಲ್ಲಿ ಒಬೆಲಿಸ್ಕ್, ಚೂಪು ತುದಿಯ ಒಂದೇ ಕಲ್ಲಿನ ಕಂಬ. ಪ್ಯಾಕೇಜುಗಳಲ್ಲಿ ಇದಕ್ಕೆ ಅರ್ಧ ಗಂಟೆ ಕೊಡುತ್ತಾರೆ, ಕೆಲವರು ಬೇಡ ಅಂತ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಸುಮಾರು 42 ಮೀಟರ್ ಉದ್ದದ ಗ್ರಾನೈಟ್ ಸ್ತಂಭ ಬಂಡೆಯಿಂದ ಪೂರ್ತಿ ಬಿಡಿಸಿಕೊಳ್ಳದೆ ಮಲಗಿದೆ. ಬಿರುಕು ಬಿಟ್ಟಿದ್ದರಿಂದ ಕೆಲಸ ಅಲ್ಲಿಗೇ ನಿಲ್ಲಿಸಿದರು. ಎದ್ದು ನಿಂತಿದ್ದರೆ ತೂಕ ಸಾವಿರ ಟನ್ ದಾಟುತ್ತಿತ್ತು. ಪಕ್ಕದ ಕಂದಕಕ್ಕೆ ಬಗ್ಗಿ ನೋಡಿ. ಸಾಲು ಸಾಲಾಗಿ ಹಳ್ಳಗಳಿವೆ. ಗಟ್ಟಿಯಾದ ಡಾಲರೈಟ್ ಕಲ್ಲಿನ ಗುಂಡುಗಳಿಂದ ಜಜ್ಜಿ ಜಜ್ಜಿ ಗ್ರಾನೈಟನ್ನು ಪುಡಿ ಮಾಡಿದ ಗುರುತು ಅವು. ಕಾರ್ನಾಕ್‌ನಲ್ಲಿ ನಿಂತಿರುವ ಸ್ತಂಭಗಳೂ ಈ ಅಸ್ವಾನಿನ ಕಲ್ಲೇ. ಇದನ್ನು ನೋಡಿಕೊಂಡು ಹೋದರೆ ಅಲ್ಲಿ ಕತ್ತೆತ್ತಿ ನಿಲ್ಲುವಾಗ ಅದರ ಹಿಂದಿನ ದುಡಿಮೆ ಅರ್ಥವಾಗುತ್ತದೆ.

ಫಿಲೆಯ ಐಸಿಸ್ ಗುಡಿ ದ್ವೀಪದ ಮೇಲಿದೆ. ದೋಣಿ ಹತ್ತಬೇಕು. ಪ್ಯಾಕೇಜಿನಲ್ಲಿ ಸೇರಿಲ್ಲದಿದ್ದರೆ ಹೋಗಿ ಬರುವ ಬಾಡಿಗೆ, ಕಾಯುವ ಸಮಯ ಎರಡನ್ನೂ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. 1902ರಲ್ಲಿ ಮುಗಿದ ಹಳೆಯ ಅಣೆಕಟ್ಟಿನಿಂದ ಈ ಗುಡಿ ವರ್ಷದ ಬಹುಭಾಗ ನೀರಿನಲ್ಲಿ ಮುಳುಗಿರುತ್ತಿತ್ತು. ಹೊಸ ದೊಡ್ಡ ಅಣೆಕಟ್ಟು ಬಂದ ಮೇಲೆ ಯುನೆಸ್ಕೋ ನೆರವಿನಿಂದ ಒಂದೊಂದೇ ಕಲ್ಲು ಬಿಚ್ಚಿ ಪಕ್ಕದ ಅಗಿಲ್ಕಿಯಾ ದ್ವೀಪಕ್ಕೆ ಸಾಗಿಸಿದರು. ಆ ಕೆಲಸ 1972ರಿಂದ 1980ರವರೆಗೆ ನಡೆಯಿತು.

ಇಲ್ಲಿ ಹುಡುಕಿ ನೋಡಬೇಕಾದ್ದು ಹೇಡ್ರಿಯನ್ ದ್ವಾರ. ಗುಂಪಿನ ಜೊತೆ ಹೋದರೆ ಅತ್ತ ಕರೆದುಕೊಂಡು ಹೋಗದೇ ಇರಬಹುದು, ನೀವೇ ಕೇಳಿ. ಕ್ರಿ.ಶ. 394ರ ಆಗಸ್ಟ್ 24ರಂದು ಒಬ್ಬ ಪೂಜಾರಿ ಆ ಗೋಡೆಯ ಮೇಲೆ ಬರೆದ ಸಾಲುಗಳಿವೆ. ನಮಗೆ ತಿಳಿದಿರುವಂತೆ ಚಿತ್ರಲಿಪಿಯಲ್ಲಿ ತಾರೀಖು ಸಮೇತ ಬರೆದ ಕೊನೆಯ ಬರಹ ಅದು. ಮೂರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಳಕೆಯಲ್ಲಿದ್ದ ಲಿಪಿ ಈ ಗೋಡೆಯಲ್ಲಿ ಮುಗಿಯಿತು. ಗುಡಿಯೊಳಗೆ ಕ್ರೈಸ್ತರು ಕೆತ್ತಿದ ಶಿಲುಬೆಗಳೂ, ಉಳಿಯಿಂದ ಹೊಡೆದು ಹಾಕಿದ ದೇವತೆಗಳ ಮುಖಗಳೂ ಕಾಣುತ್ತವೆ. ಆರನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಆಜ್ಞೆಯಂತೆ ಇಲ್ಲಿ ಪೂಜೆ ನಿಂತಿತು.

ಅಬು ಸಿಂಬೆಲ್‌ಗೆ ಹೋಗಬೇಕಾ?

ಹೋಗಿ. ಅಸ್ವಾನಿನಿಂದ ಸುಮಾರು 280 ಕಿ.ಮೀ. ದಕ್ಷಿಣಕ್ಕಿದೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಬಸ್ಸು ಹೊರಡುತ್ತದೆ, ಮೂರು ಗಂಟೆಗೂ ಹೆಚ್ಚು ಮರಳುಗಾಡಿನ ದಾರಿ. ಹಡಗಿನವರು ತಿಂಡಿ ಕಟ್ಟಿಕೊಡುತ್ತಾರೆ. ಅದರಲ್ಲಿ ಬ್ರೆಡ್ಡು, ಕೇಕು ಬಿಟ್ಟರೆ ಜಾಸ್ತಿ ಏನೂ ಇರುವುದಿಲ್ಲ, ನಿಮ್ಮ ಚಕ್ಕುಲಿ, ಕೋಡುಬಳೆ ಕೈಚೀಲದಲ್ಲಿರಲಿ.

ಗುಡಿಯ ಎದುರಿಗೆ ಎರಡನೇ ರಾಮ್ಸೆಸ್ ರಾಜನ ನಾಲ್ಕು ಕೂತ ವಿಗ್ರಹಗಳು ಒಂದೊಂದೂ ಸುಮಾರು 20 ಮೀಟರ್ ಎತ್ತರ. ಹೊಸ ಅಣೆಕಟ್ಟಿನ ನೀರಿನಿಂದ ಉಳಿಸಲು 1964ರಿಂದ 1968ರ ನಡುವೆ ಇಡೀ ಗುಡಿಯನ್ನು ತುಂಡು ತುಂಡಾಗಿ ಕೊಯ್ದು ಸುಮಾರು 65 ಮೀಟರ್ ಮೇಲಕ್ಕೆ, 200 ಮೀಟರ್ ಹಿಂದಕ್ಕೆ ಒಯ್ದು ಜೋಡಿಸಿದ್ದಾರೆ. ಕೊಯ್ದ ಗೆರೆಗಳನ್ನು ಹತ್ತಿರ ನಿಂತು ಹುಡುಕಿ, ಸಿಗುತ್ತವೆ. ಅಣೆಕಟ್ಟಿನ ನೀರು ಏರುವ ಮುಂಚೆ ನುಬಿಯಾದ, ಅಂದರೆ ಅಸ್ವಾನಿನ ದಕ್ಷಿಣದ ಈ ಸೀಮೆಯ, ಅವಶೇಷಗಳನ್ನು ದಾಖಲಿಸಲು ಹಲವು ದೇಶಗಳ ತಂಡಗಳು ಬಂದಿದ್ದವು. ಪುರಾತತ್ವಜ್ಞ ಬಿ.ಬಿ. ಲಾಲ್ ಮುಂದಾಳತ್ವದಲ್ಲಿ ನಮ್ಮ ದೇಶದ ತಂಡವೂ 1962ರಲ್ಲಿ ಅಫಿಯೆ ಎಂಬಲ್ಲಿ ಉತ್ಖನನ ಮಾಡಿತ್ತು. ಫೆಬ್ರವರಿ 22 ಮತ್ತು ಅಕ್ಟೋಬರ್ 22ರ ಆಸುಪಾಸಿನಲ್ಲಿ ಮಾತ್ರ ಸೂರ್ಯನ ಬೆಳಕು ಗುಡಿಯ ಗರ್ಭಗುಡಿ ಮುಟ್ಟುತ್ತದೆ. ಆ ದಿನಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸುಮ್ನೆ ಗುಡಿ ನೋಡಬೇಕು ಅನ್ನುವವರು ಬೇರೆ ದಿನ ಆರಿಸಿಕೊಳ್ಳಿ.

ಕೋಮ್ ಒಂಬೊ: ಒಂದೇ ಸೂರು, ಇಬ್ಬರು ದೇವರು

ಹಡಗು ನಿಲ್ಲುವ ಜಾಗದಿಂದ ನಡೆದೇ ಹೋಗಬಹುದು. ಎದುರಿಗೆ ನಿಂತರೆ ಬಲಭಾಗ ಮೊಸಳೆ ದೇವರು ಸೋಬೆಕ್‌ನದು, ಎಡಭಾಗ ಹಿರಿಯ ಹೋರಸ್‌ನದು. ಬಾಗಿಲು ಎರಡು, ಗರ್ಭಗುಡಿ ಎರಡು. ಹೆಚ್ಚಿನ ಹಡಗುಗಳು ಸಂಜೆ ಒಟ್ಟಿಗೆ ಬಂದು ನಿಲ್ಲುತ್ತವೆ, ಎಲ್ಲರೂ ಮುಂದಿನ ಮಂಟಪದಲ್ಲಿ ಸೇರುತ್ತಾರೆ. ನೀವು ಮೊದಲು ಹಿಂದಿನ ಗೋಡೆಗೆ ಹೋಗಿಬಿಡಿ. ಅಲ್ಲಿ ಚಾಕು, ಚಿಮಟ, ಕತ್ತರಿಯಂಥ ಉಪಕರಣಗಳ ಕೆತ್ತನೆ ಇದೆ. ಶಸ್ತ್ರಚಿಕಿತ್ಸೆಯ ಸಾಮಾನು ಅಂತ ಗೈಡ್‌ಗಳು ಹೇಳುತ್ತಾರೆ, ಪೂಜೆಯ ಸಾಮಾನು ಅನ್ನುವ ವಿದ್ವಾಂಸರೂ ಇದ್ದಾರೆ. ಆಮೇಲೆ ನದಿಯ ನೀರಿನ ಮಟ್ಟ ಅಳೆಯುತ್ತಿದ್ದ ಮೆಟ್ಟಿಲು ಬಾವಿ ನೋಡಿ. ಪ್ರವಾಹ ಎಷ್ಟು ಏರಿತು ಅನ್ನುವುದರ ಮೇಲೆ ಆ ವರ್ಷದ ಬೆಳೆ, ಬೆಳೆಯ ಮೇಲೆ ತೆರಿಗೆ. ಪಕ್ಕದಲ್ಲೇ ಮೊಸಳೆ ಮಮ್ಮಿಗಳ ಚಿಕ್ಕ ಮ್ಯೂಸಿಯಂ ಇದೆ, ಮಕ್ಕಳಿಗೆ ತುಂಬ ಹಿಡಿಸುತ್ತದೆ.

ಎಡ್ಫು: ಇಲ್ಲಿ ಅವಸರ ಮಾಡಬೇಡಿ

ಇಡೀ ಪ್ರವಾಸದಲ್ಲಿ ಒಂದೇ ಗುಡಿ ನೋಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಕ್ರಿ.ಪೂ. 237ರಲ್ಲಿ ಶುರುವಾಗಿ 57ರಲ್ಲಿ ಮುಗಿದ ಹೋರಸ್ ಗುಡಿ. ಶತಮಾನಗಳ ಕಾಲ ಮರಳಿನಲ್ಲಿ ಹೂತುಹೋಗಿತ್ತು. ಚಾವಣಿಯ ಮೇಲೆ ಜನ ಮನೆ ಕಟ್ಟಿಕೊಂಡಿದ್ದರು. 1860ರಲ್ಲಿ ಫ್ರೆಂಚ್ ವಿದ್ವಾಂಸ ಮಾರಿಯೆತ್ ಅದನ್ನು ಬಿಡಿಸಲು ಶುರು ಮಾಡಿದ. ಮರಳು ಕಾಪಾಡಿದ್ದರಿಂದಲೇ ಇಷ್ಟು ಪೂರ್ತಿಯಾಗಿ ಉಳಿದಿದೆ.

ಹಡಗಿನಿಂದ ಗುಡಿ ಊರೊಳಗೆ ಸ್ವಲ್ಪ ದೂರ. ಕುದುರೆ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಕೆಲವು ಕುದುರೆಗಳ ಪಕ್ಕೆಲುಬು ಎಣಿಸಬಹುದು, ಅಂಥವನ್ನು ಹತ್ತಬೇಡಿ. ಟ್ಯಾಕ್ಸಿ ಅಥವಾ ಆಟೋ ಕೇಳಿ. ಹಡಗಿನ ಮ್ಯಾನೇಜರ್‌ಗೆ ಹಿಂದಿನ ರಾತ್ರಿಯೇ ಹೇಳಿಟ್ಟರೆ ವ್ಯವಸ್ಥೆ ಆಗುತ್ತದೆ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ.

36 ಮೀಟರ್ ಎತ್ತರದ ಪೈಲಾನ್ ಮುಂದೆ ನಿಂತು ಒಳಗೆ ನೋಡಿ. ಅಂಗಳ ದಾಟಿದರೆ ಕಿರೀಟ ಧರಿಸಿದ ಕರಿಗಲ್ಲಿನ ಗಿಡುಗ. ಎಲ್ಲರೂ ಅದರ ಜೊತೆ ಫೋಟೋ ತೆಗೆಸಿಕೊಳ್ಳಲು ಕ್ಯೂ ನಿಲ್ಲುತ್ತಾರೆ. ನೀವು ವಾಪಸ್ ಬರುವಾಗ ತೆಗೆಸಿಕೊಳ್ಳಿ, ಈಗ ನೇರ ಗರ್ಭಗುಡಿಗೆ ನಡೆಯಿರಿ. ಅಲ್ಲಿ ನುಣುಪಾದ ಒಂದೇ ಕಲ್ಲಿನ ಮಂಟಪ ಇದೆ. ಗುಡಿಗಿಂತಲೂ ಹಳೆಯದು, ಎರಡನೇ ನೆಕ್ಟನೆಬೊ ರಾಜನ ಕಾಲದ್ದು. ದೇವರ ಮೂರ್ತಿ ಇದರೊಳಗೆ ಇರುತ್ತಿತ್ತು. ಮುಂದೆ ಇಟ್ಟಿರುವ ಮರದ ದೋಣಿ ಈಗಿನವರು ಮಾಡಿದ ಪ್ರತಿರೂಪ.

ಪಕ್ಕದ ಚಿಕ್ಕ ಕೋಣೆಗಳಿಗೂ ಟಾರ್ಚ್ ಹಿಡಿದು ಹೋಗಿ. ಒಂದರ ಗೋಡೆ ತುಂಬ ಸುಗಂಧ ದ್ರವ್ಯ ತಯಾರಿಸುವ ವಿಧಾನ ಬರೆದಿದೆ. ಇನ್ನೊಂದು ಪುಸ್ತಕದ ಕೋಣೆ, ಅಲ್ಲಿದ್ದ ಗ್ರಂಥಗಳ ಪಟ್ಟಿ ಗೋಡೆಯ ಮೇಲೇ ಇದೆ.

ಆಮೇಲೆ ಗುಡಿಗೂ ಹೊರಗೋಡೆಗೂ ನಡುವಿನ ಓಣಿಗೆ ಬನ್ನಿ. ಪಶ್ಚಿಮದ ಗೋಡೆಯಲ್ಲಿ ಒಂದು ಇಡೀ ನಾಟಕವೇ ಇದೆ. ಅಪ್ಪ ಒಸೈರಿಸ್‌ನನ್ನು ಕೊಂದ ಸೇತ್‌ನ ಮೇಲೆ ಹೋರಸ್ ಸೇಡು ತೀರಿಸಿಕೊಳ್ಳುವ ಕಥೆ. ಸೇತ್ ಇಲ್ಲಿ ನೀರಾನೆ. ಆದರೆ ಆ ನೀರಾನೆಯನ್ನು ಎಷ್ಟು ಚಿಕ್ಕದಾಗಿ ಕೆತ್ತಿದ್ದಾರೆ ನೋಡಿ. ಹೋರಸ್‌ನ ದೋಣಿಯ ಕೆಳಗೆ, ಈಟಿಯ ತುದಿಯಲ್ಲಿ, ಅಂಗೈಯಷ್ಟೇ ಅನ್ನುವ ಹಾಗೆ. ಗೋಡೆಯ ಮೇಲಿನ ಚಿತ್ರಕ್ಕೂ ಜೀವ ಇದೆ ಅಂತ ಅವರು ನಂಬಿದ್ದರು. ಅಪಾಯದ ಪ್ರಾಣಿಯನ್ನು ದೊಡ್ಡದಾಗಿ ಕೆತ್ತಿ ಗುಡಿಯೊಳಗೆ ಬಿಟ್ಟುಕೊಳ್ಳುವುದುಂಟೇ? ಈ ಕಥೆಯನ್ನು ಪ್ರತಿ ವರ್ಷ ಹಬ್ಬದಲ್ಲಿ ಆಡಿ ತೋರಿಸುತ್ತಿದ್ದರು. ಕೊನೆಗೆ ನೀರಾನೆಯ ಆಕಾರದ ಕೇಕ್ ಕತ್ತರಿಸುತ್ತಿದ್ದರು. ಈ ಓಣಿಗೆ ಅರ್ಧ ಗಂಟೆಯಾದರೂ ಎತ್ತಿಡಿ.

ಎಸ್ನಾ

ಎಡ್ಫು ಬಿಟ್ಟ ಮೇಲೆ ಹಡಗು ಎಸ್ನಾದ ಲಾಕ್ ದಾಟುತ್ತದೆ. ಗೇಟು ಮುಚ್ಚಿ, ನೀರು ಇಳಿಸಿ, ಹಡಗನ್ನು ಕೆಳಮಟ್ಟಕ್ಕೆ ಬಿಡುತ್ತಾರೆ. ಆಗ ಮೇಲಿನ ಡೆಕ್ಕಿನಲ್ಲಿರಿ. ವ್ಯಾಪಾರಿಗಳು ಚಿಕ್ಕ ದೋಣಿಗಳಲ್ಲಿ ಬಂದು ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡೆಕ್ಕಿಗೇ ಎಸೆಯುತ್ತಾರೆ. ಬೇಕಿದ್ದರೆ ಕೂಗಿ ಚೌಕಾಸಿ ಮಾಡಿ ದುಡ್ಡನ್ನು ಅದೇ ಚೀಲದಲ್ಲಿ ಎಸೆಯಬೇಕು. ಬೇಡದಿದ್ದರೆ ಬಟ್ಟೆ ವಾಪಸ್ ಎಸೆಯಿರಿ. "ಲಾ, ಶುಕ್ರನ್" ಅಂದರೆ "ಬೇಡ, ಥ್ಯಾಂಕ್ಸ್". ಪ್ರವಾಸದುದ್ದಕ್ಕೂ ಕೆಲಸಕ್ಕೆ ಬರುತ್ತದೆ.

ಖ್ನುಮ್ ಗುಡಿಗೆ ಎಲ್ಲ ಹಡಗುಗಳೂ ಕರೆದುಕೊಂಡು ಹೋಗುವುದಿಲ್ಲ. ಬುಕ್ ಮಾಡುವಾಗಲೇ ಕೇಳಿ, ಇಲ್ಲದಿದ್ದರೆ ಲಕ್ಸರ್‌ನಿಂದ ಟ್ಯಾಕ್ಸಿಯಲ್ಲಿ ಬನ್ನಿ. ಉಳಿದಿರುವುದು 24 ಕಂಬಗಳ ಒಂದೇ ಮಂಟಪ. ಈಗಿನ ಬೀದಿಗಿಂತ ಸುಮಾರು 9 ಮೀಟರ್ ಕೆಳಗಿದೆ. 2018ರಿಂದ ಈಜಿಪ್ಟ್ ಮತ್ತು ಜರ್ಮನಿಯ ತಂಡ ಶತಮಾನಗಳ ಮಸಿ ತೆಗೆದು ಬಣ್ಣಗಳನ್ನು ಹೊರಗೆ ತಂದಿದೆ. ಚಾವಣಿಯಲ್ಲಿ 12 ರಾಶಿಗಳಿವೆ. ವೃಷಭ, ವೃಶ್ಚಿಕ ಎಲ್ಲ ನಮಗೆ ಪರಿಚಯದವೇ ಅಲ್ವಾ, ಯಾರೂ ತೋರಿಸದೆ ಗುರುತು ಸಿಗುತ್ತವೆ. ಒಂದು ಚಿಕ್ಕ ದುರ್ಬೀನು ಇಟ್ಟುಕೊಳ್ಳಿ.

ಲಕ್ಸರ್

ಸಂಜೆ ತಲುಪಿದರೆ ಮೊದಲು ಊರ ನಡುವಿನ ಲಕ್ಸರ್ ಗುಡಿ. ರಾತ್ರಿಯೂ ತೆರೆದಿರುತ್ತದೆ, ದೀಪದ ಬೆಳಕಿಗೆ ಕೆತ್ತನೆ ಚೆನ್ನಾಗಿ ಕಾಣುತ್ತದೆ. ಬಾಗಿಲಲ್ಲಿ ಒಂದೇ ಸ್ತಂಭ ಇದೆ. ಅದರ ಜೋಡಿ 1836ರಿಂದ ಪ್ಯಾರಿಸ್‌ನಲ್ಲಿ ನಿಂತಿದೆ. ಗುಡಿಯ ಅಂಗಳದೊಳಗೇ ಅಬು ಹಗ್ಗಾಗ್ ಮಸೀದಿ ಇದೆ, ಇಂದಿಗೂ ಪ್ರಾರ್ಥನೆ ನಡೆಯುತ್ತದೆ.

ಮರುದಿನ ಬೆಳಿಗ್ಗೆ ಬೇಗ ಕಾರ್ನಾಕ್. ಎರಡು ಗುಡಿಗಳ ನಡುವೆ ಸುಮಾರು 2.7 ಕಿ.ಮೀ. ಉದ್ದದ ಸಿಂಹನಾರಿಗಳ ದಾರಿಯನ್ನು 2021ರಲ್ಲಿ ಪೂರ್ತಿ ತೆರೆದರು. ಮೊದಲ ಪೈಲಾನ್ ದಾಟಿದ ತಕ್ಷಣ ಹಿಂದಿರುಗಿ ನೋಡಿ. ಗೋಡೆಗೆ ಒರಗಿದ ಮಣ್ಣಿನ ಇಟ್ಟಿಗೆಯ ದಿಬ್ಬ ಇದೆ. ಕಲ್ಲು ಮೇಲೆ ಸಾಗಿಸಲು ಹಾಕಿದ ಇಳಿಜಾರಿನ ಉಳಿಕೆ ಅದು. ಪೈಲಾನ್ ಮುಗಿಯಲೇ ಇಲ್ಲ, ಹಾಗಾಗಿ ಯಾರೂ ತೆಗೆಯಲೂ ಇಲ್ಲ.

ಮುಂದೆ 134 ಕಂಬಗಳ ಮಂಟಪ. ನಡುವಿನ 12 ಕಂಬ ಸುಮಾರು 21 ಮೀಟರ್ ಎತ್ತರ. ಮಂಟಪದ ಉತ್ತರ ಭಾಗ ಒಂದನೇ ಸೇತಿ ರಾಜನದು, ದಕ್ಷಿಣ ಭಾಗ ಅವನ ಮಗ ಎರಡನೇ ರಾಮ್ಸೆಸ್‌ನದು. ಎರಡೂ ಕಡೆಯ ಗೋಡೆ ಹೋಲಿಸಿ ನೋಡಿ. ಅಪ್ಪನದು ನಾಜೂಕಾದ ಉಬ್ಬು ಕೆತ್ತನೆ, ಮಗನ ಕಡೆ ಒಳಕ್ಕೆ ಕೊರೆದ ಕೆತ್ತನೆ. ತೊಲೆಗಳ ಅಡಿಯಲ್ಲಿ ಬಿಸಿಲು ತಾಗದ ಕಡೆ ಹಳೆಯ ಬಣ್ಣ ಉಳಿದಿದೆ. ಅಲ್ಲಿಂದ ಮುಂದೆ ರಾಣಿ ಹತ್ಶೆಪ್ಸುತ್ ನಿಲ್ಲಿಸಿದ ಸುಮಾರು 29 ಮೀಟರಿನ ಸ್ತಂಭ. ಗಣಿಯಲ್ಲಿ ಮಲಗಿದ್ದ ಕಲ್ಲಿನ ಅಳತೆ ಈಗ ನೆನಪು ಮಾಡಿಕೊಳ್ಳಿ. ಅದು ಇದಕ್ಕಿಂತ 13 ಮೀಟರ್ ಉದ್ದ.

ಪಶ್ಚಿಮ ದಡಕ್ಕೆ ಇನ್ನೊಂದು ಇಡೀ ದಿನ ಬೇಕು. ರಾಜರ ಕಣಿವೆ, ಹತ್ಶೆಪ್ಸುತ್ ಗುಡಿಯನ್ನು ಎಲ್ಲ ಪ್ಯಾಕೇಜೂ ತೋರಿಸುತ್ತದೆ. ಮೆದಿನೆತ್ ಹಾಬುವನ್ನು ನೀವೇ ಹಠ ಹಿಡಿದು ಸೇರಿಸಬೇಕು. ಮೂರನೇ ರಾಮ್ಸೆಸ್‌ನ ಗುಡಿ ಅದು. ಕೆತ್ತನೆ ಎಷ್ಟು ಆಳ ಅಂದರೆ ಕೈ ಮಡಚಿ ಒಳಗಿಡಬಹುದು. ಆದರೆ ಮುಟ್ಟಬೇಡಿ. ಬೆವರು, ಎಣ್ಣೆ ತಾಗಿ ಕಲ್ಲು ಹಾಳಾಗುತ್ತದೆ.

ದುಡ್ಡು, ಊಟ, ಕಾವಲುಗಾರರು

ದೊಡ್ಡ ಗುಡಿಗಳ ಟಿಕೆಟ್ ಕೌಂಟರ್‌ಗಳಲ್ಲಿ ಈಗ ಹೆಚ್ಚಾಗಿ ಕಾರ್ಡ್ ಮಾತ್ರ ತೆಗೆದುಕೊಳ್ಳುತ್ತಾರೆ. ಹೊರದೇಶದಲ್ಲಿ ನಡೆಯುವ ಎರಡು ಕಾರ್ಡ್ ಇರಲಿ. ಚಿಲ್ಲರೆ ನೋಟುಗಳು ಬಕ್ಷೀಶಿಗೆ ಬೇಕು. ಕಾವಲುಗಾರ ಕೈಬೀಸಿ ಕರೆದು ಏನಾದರೂ ತೋರಿಸಿದರೆ ಕೊನೆಗೆ ಕೈ ಚಾಚುತ್ತಾನೆ. ಹಗ್ಗ ಕಟ್ಟಿದ ಕಡೆ ಕರೆದರೆ ಮಾತ್ರ ಹೋಗಬೇಡಿ. ಗೈಡ್ ಆರಿಸುವಾಗ ಸರ್ಕಾರದ ಲೈಸೆನ್ಸ್ ಇದೆಯಾ ಕೇಳಿ. ಗೈಡ್ ಹೇಳಿ ಮುಗಿಸಿದ ಮೇಲೆ ನಿಮಗೇ ಬಿಟ್ಟ ಸಮಯ ಎಷ್ಟು ಅಂತಲೂ ಮೊದಲೇ ಕೇಳಿ.

ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ. ಬೆಳಿಗ್ಗೆ ಫೂಲ್ ಅನ್ನುವ ಬೇಯಿಸಿದ ಕಾಳು, ತಾಮಿಯಾ ಅನ್ನುವ ಕಾಳಿನ ವಡೆ, ಮಧ್ಯಾಹ್ನ ಬೇಳೆ ಸೂಪು ಸಿಗುತ್ತದೆ. ಊರೊಳಗೆ ಕೋಶರಿ ತಿನ್ನಿ. ಅನ್ನ, ಬೇಳೆ, ಮ್ಯಾಕರೋನಿ, ಕಡಲೆ, ಟೊಮೆಟೊ ಸಾರು, ಮೇಲೆ ಕರಿದ ಈರುಳ್ಳಿ. ಸೊಪ್ಪಿನ ಮೊಲೊಖಿಯಾ ಕಂಡರೆ ಕೇಳಿಯೇ ಹಾಕಿಸಿಕೊಳ್ಳಿ, ಅದನ್ನು ಹೆಚ್ಚಾಗಿ ಮಾಂಸದ ಸಾರಿನಲ್ಲಿ ಮಾಡುತ್ತಾರೆ. "ಅನಾ ನಬಾತಿ" ಅಂದರೆ ನಾನು ಸಸ್ಯಾಹಾರಿ ಅಂತ. ಹೆಂಗಸರು "ಅನಾ ನಬಾತಿಯ್ಯಾ" ಅನ್ನಬೇಕು. ಕುಡಿಯಲು ಬಾಟಲಿ ನೀರೇ ಇರಲಿ.

ಲಕ್ಸರ್‌ನಲ್ಲಿ ಇನ್ನೂ ಒಂದು ದಿನ ಕೈಯಲ್ಲಿದ್ದರೆ ಉತ್ತರಕ್ಕೆ ಸುಮಾರು 60 ಕಿ.ಮೀ. ದೂರದ ಡೆಂಡೆರಾಗೆ ಟ್ಯಾಕ್ಸಿ ಮಾಡಿ. ಹಾಥೋರ್ ಗುಡಿ ಅದು. ಹಬ್ಬದ ದಿನ ಅವಳ ಮೂರ್ತಿ ಇಲ್ಲಿಂದ ದೋಣಿಯಲ್ಲಿ ಎಡ್ಫುವಿಗೆ, ಹೋರಸ್‌ನ ಬಳಿಗೆ ಹೋಗುತ್ತಿತ್ತು. ಚಾವಣಿಯ ನೀಲಿ ಬಣ್ಣ ನೋಡಿ, ಮಾಳಿಗೆಗೆ ಹತ್ತುವ ಮೆಟ್ಟಿಲು ತೆರೆದಿದ್ದರೆ ಹತ್ತಿ. ಮಾಳಿಗೆಯ ಕೋಣೆಯಲ್ಲಿರುವ ದುಂಡನೆಯ ರಾಶಿಚಕ್ರ ನಕಲು, ಮೂಲ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ. ಡ್ರೈವರ್ ಒಂದು ಗಂಟೆ ಕಾಯುತ್ತೇನೆ ಅನ್ನುತ್ತಾನೆ. ಮೂರು ಗಂಟೆ ಅಂತ ಹೊರಡುವ ಮುಂಚೆಯೇ ಮಾತಾಡಿ, ಬಾಡಿಗೆಯನ್ನು ವಾಪಸ್ ಬಂದ ಮೇಲೆ ಕೊಡಿ.